ನ್ಯೂಹೇವನ್ ಪಟ್ಟಣದ ಮೌನಿ ಪಂಡಿತರು: ಜೋಸೈಯ ವಿಲ್ಲರ್ಡ್ ಗಿಬ್ಸ್

ಮಹನೀಯರ ಚರಿತ್ರೆಗಳನ್ನು ಕೈಗೆತ್ತಿಕೊಳ್ಳುವಾಗ ನಾವು ಯುದ್ಧಗಳನ್ನೋ, ದೂರಪ್ರಯಾಣಗಳನ್ನೋ, ಜನಸಮೂಹದ ಜಯಘೋಷಗಳನ್ನೋ ನಿರೀಕ್ಷಿಸುವುದು ವಾಡಿಕೆ. ಈಗ ವಾಚಕರ ಮುಂದಿಡಲಿರುವ ಜೀವಿತದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಜೋಸೈಯ ವಿಲ್ಲರ್ಡ್ ಗಿಬ್ಸ್ ಎಂಬ ಪಂಡಿತರು ಅಮೆರಿಕಾ ದೇಶದ ಕನೆಕ್ಟಿಕಟ್ ಸಂಸ್ಥಾನದ ನ್ಯೂಹೇವನ್ ಪಟ್ಟಣದಲ್ಲಿ ಹುಟ್ಟಿ, ಅಲ್ಲಿಯೇ ಕಲಿತು, ಅಲ್ಲಿಯೇ ಕಲಿಸಿ, ಅಲ್ಲಿಯೇ ಕಣ್ಣು ಮುಚ್ಚಿದರು. ಅವರು ಹೊಸ ಮೂಲವಸ್ತುವೊಂದನ್ನು ಕಂಡುಹಿಡಿದವರಲ್ಲ; ರಸಾಯನಶಾಲೆಯ ಗಾಜಿನ ಪಾತ್ರೆಗಳ ನಡುವೆ ಹೆಸರು ಗಳಿಸಿದವರೂ ಅಲ್ಲ. ಕಾಗದ, ಲೇಖನಿ, ಏಕಾಗ್ರವಾದ ಮನಸ್ಸು, ಇವಿಷ್ಟೇ ಅವರ ಸಾಮಗ್ರಿ. ಆದರೂ ಉಕ್ಕಿನ ಕುಲುಮೆಯಿಂದ ಹಿಡಿದು ಗೊಬ್ಬರದ ಕಾರ್ಖಾನೆಯ ವರೆಗೂ, ಔಷಧಶಾಲೆಯಿಂದ ಹಿಡಿದು ಜೀವಕೋಶದ ಅಧ್ಯಯನದ ವರೆಗೂ ಇಂದು ಅವರ ಲೆಕ್ಕವು ನಡೆಯುತ್ತಲಿದೆ. ಇದು ಹೇಗಾಯಿತು? ಒಬ್ಬ ಮನುಷ್ಯನ ಯೋಚನೆಯು ಲೋಕವನ್ನು ಮುಟ್ಟಬೇಕಾದರೆ ಏನೇನು ಕೂಡಿಬರಬೇಕು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಮಕ್ಕಳನ್ನು ಪಾಠಶಾಲೆಗೆ ಕಳುಹಿಸುವ ತಾಯಿತಂದೆಗಳಿಗೂ, ಕಲಿತು ಹೊರಟು ಈಗ ತಮ್ಮ ತಮ್ಮ ಮನೆಗಳಲ್ಲಿಯೂ ಕೆಲಸಗಳಲ್ಲಿಯೂ ಇರುವ ಸಹೋದರಿಯರಿಗೂ ಈ ವಿಚಾರವು ಸಂಬಂಧಿಸಿಯೇ ಇದೆ ಎಂದು ನಾವು ನಂಬುತ್ತೇವೆ.

ಗಿಬ್ಸರು 1839ನೆಯ ಇಸವಿ ಫೆಬ್ರವರಿ 11ರಂದು ಜನಿಸಿದರು. ಐವರು ಮಕ್ಕಳಲ್ಲಿ ಇವರು ನಾಲ್ಕನೆಯವರು, ಗಂಡುಮಗುವು ಇವರೊಬ್ಬರೇ. ತಂದೆಯ ಹೆಸರೂ ಇದೇ ಆಗಿತ್ತು. ಅವರು ಯೇಲ್ ಕಾಲೇಜಿನಲ್ಲಿ ಪವಿತ್ರ ಗ್ರಂಥಗಳ ಸಾಹಿತ್ಯವನ್ನು ಬೋಧಿಸುತ್ತಿದ್ದ ಭಾಷಾಪಂಡಿತರು. ಮಗನು ಹುಟ್ಟಿದ ಆ ವರ್ಷದಲ್ಲಿಯೇ ತಂದೆಯು ಮಾಡಿದ ಒಂದು ಕಾರ್ಯವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆವು. ಆಮಿಸ್ಟಾಡ್ ಎಂಬ ಹಡಗಿನಲ್ಲಿ ದಾಸರಾಗಿ ಸಾಗಿಸಲ್ಪಡುತ್ತಿದ್ದ ಆಫ್ರಿಕಾದ ಜನರು ದಂಗೆಯೆದ್ದು ಹಡಗನ್ನು ವಶಪಡಿಸಿಕೊಂಡು, ಕಡೆಗೆ ಅಮೆರಿಕಾದ ತೀರದಲ್ಲಿ ಸಿಕ್ಕಿಬಿದ್ದು, ನ್ಯೂಹೇವನ್ನಿನ ಸೆರೆಮನೆಯಲ್ಲಿ ಇರಿಸಲ್ಪಟ್ಟಿದ್ದರು. ಅವರ ಭಾಷೆಯನ್ನು ಅರಿತವರು ಅಲ್ಲಿ ಯಾರೂ ಇರಲಿಲ್ಲ. ಆದುದರಿಂದ ತಮ್ಮ ಪಕ್ಷದ ಮಾತನ್ನು ನ್ಯಾಯಾಧಿಪತಿಗೆ ತಿಳಿಸುವ ದಾರಿಯೂ ಅವರಿಗೆ ಇರಲಿಲ್ಲ. ಹಿರಿಯ ಗಿಬ್ಸರು ಸೆರೆಮನೆಗೆ ಹೋಗಿ, ಬೆರಳುಗಳನ್ನು ಎತ್ತಿ ತೋರಿಸಿ, ಒಂದರಿಂದ ಹತ್ತರ ವರೆಗಿನ ಎಣಿಕೆಯ ಶಬ್ದಗಳನ್ನು ಅವರಿಂದ ಕಲಿತುಕೊಂಡರು. ತರುವಾಯ ನ್ಯೂಯಾರ್ಕ್ ಬಂದರಿಗೆ ಹೋಗಿ, ಹಡಗುಕಟ್ಟೆಗಳಲ್ಲಿ ಆ ಶಬ್ದಗಳನ್ನು ಗಟ್ಟಿಯಾಗಿ ಉಚ್ಚರಿಸುತ್ತಾ ನಡೆದಾಡಿದರು. ಅವುಗಳನ್ನು ಕೇಳಿ ಅರ್ಥಮಾಡಿಕೊಂಡ ಜೇಮ್ಸ್ ಕೋವಿ ಎಂಬ ನಾವಿಕನು ದೊರೆತನು. ಅವನು ದುಭಾಷಿಯಾದುದರಿಂದ ಸೆರೆಯವರ ಸಂಗತಿಯು ಹೊರಬಿತ್ತು. 1841ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಅವರನ್ನು ಸ್ವತಂತ್ರರೆಂದು ಸಾರಿತು. ಸತ್ಯವು ಇದ್ದರೆ ಸಾಲದು, ಅದನ್ನು ಕೇಳಿ ತಿಳಿಯಬಲ್ಲ ಒಂದು ಕಿವಿಯೂ ಬೇಕೆಂಬ ಈ ಪಾಠವು ಮಗನ ಜೀವಿತದಲ್ಲಿ ಬೇರೊಂದು ರೀತಿಯಿಂದ ನೆರವೇರಿದುದನ್ನು ವಾಚಕರು ಮುಂದೆ ಕಾಣುವರು.

ಬಾಲಕ ಗಿಬ್ಸರು ಮಿತಭಾಷಿ, ಶರೀರವು ಬಲವಾದುದಲ್ಲ. 1854ರಲ್ಲಿ, 15ನೆಯ ವಯಸ್ಸಿನಲ್ಲಿ, ಯೇಲ್ ಕಾಲೇಜನ್ನು ಸೇರಿ, ಲ್ಯಾಟಿನ್ ಭಾಷೆಯಲ್ಲಿಯೂ ಗಣಿತದಲ್ಲಿಯೂ ಬಹುಮಾನಗಳನ್ನು ಪಡೆದು, 1858ರಲ್ಲಿ ಪದವೀಧರರಾದರು. ಅಷ್ಟರಲ್ಲಿ ತಾಯಿಯು ಗತಿಸಿದ್ದರು; 1861ರಲ್ಲಿ ತಂದೆಯೂ ತೀರಿಕೊಂಡರು. 1863ರಲ್ಲಿ ಹಲ್ಲುಚಕ್ರಗಳ ಹಲ್ಲುಗಳು ಯಾವ ಆಕಾರದಲ್ಲಿರಬೇಕೆಂಬ ವಿಷಯವಾಗಿ ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಹೊಂದಿದರು. ಯಂತ್ರಶಿಲ್ಪದ ವಿಷಯಕ್ಕೆ ಅಮೆರಿಕಾದಲ್ಲಿ ಕೊಡಲ್ಪಟ್ಟ ಮೊದಲನೆಯ ಡಾಕ್ಟರ್ ಪದವಿಯು ಇದೇ ಎಂದು ಹೇಳುವರು. ಮೂರು ವರ್ಷ ಕಾಲೇಜಿನಲ್ಲಿಯೇ ಪಾಠ ಹೇಳಿ, 1866ರಲ್ಲಿ ರೈಲುಗಾಡಿಯ ಬ್ರೇಕಿನ ಸುಧಾರಣೆಯೊಂದಕ್ಕೆ ಪೇಟೆಂಟ್ ಹಕ್ಕನ್ನೂ ಪಡೆದರು. ಆಕಾಶದ ಲೆಕ್ಕ ಬರೆದವರ ಕೈಗಳು ಮೊದಲು ನೆಲದ ಮೇಲಿನ ಗಾಲಿಗಳನ್ನು ತಿರುಗಿಸಿ ನೋಡಿದ್ದವೆಂಬುದನ್ನು ನಾವು ಮರೆಯಬಾರದು.

ಅದೇ 1866ರಲ್ಲಿ ಅವರು ಸಹೋದರಿಯರಾದ ಅನ್ನಾ ಮತ್ತು ಜೂಲಿಯಾ ಎಂಬವರೊಡನೆ ಯುರೋಪಿಗೆ ತೆರಳಿ, ಪ್ಯಾರಿಸ್, ಬರ್ಲಿನ್, ಹೈಡೆಲ್‌ಬರ್ಗ್ ನಗರಗಳಲ್ಲಿ ಅಂದಿನ ಶ್ರೇಷ್ಠ ಗಣಿತಜ್ಞರ ಹಾಗೂ ಪದಾರ್ಥವಿಜ್ಞಾನಿಗಳ ಉಪನ್ಯಾಸಗಳನ್ನು ಕೇಳಿದರು. 1869ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಬಳಿಕ ನ್ಯೂಹೇವನ್ನನ್ನು ದೀರ್ಘಕಾಲಕ್ಕೆ ಬಿಟ್ಟು ಹೋದುದೇ ಇಲ್ಲ. ಅವರು ವಿವಾಹವಾಗಲಿಲ್ಲ. ತಂದೆಯು ಕಟ್ಟಿಸಿದ ಮನೆಯಲ್ಲಿ ಸಹೋದರಿಯರೂ, ಜೂಲಿಯಾರ ಪತಿಯೂ ಕಾಲೇಜಿನ ಗ್ರಂಥಪಾಲಕರೂ ಆಗಿದ್ದ ಅಡಿಸನ್ ವ್ಯಾನ್ ನೇಮರೂ, ಮಕ್ಕಳೂ ಕೂಡಿದ್ದ ಕುಟುಂಬದಲ್ಲಿ ಅವರ ದಿನಗಳು ಸಮಾಧಾನವಾಗಿ ಕಳೆದವು.

1871ರಲ್ಲಿ ಯೇಲ್ ಕಾಲೇಜು ಅವರನ್ನು ಗಣಿತೀಯ ಪದಾರ್ಥವಿಜ್ಞಾನದ ಪ್ರೊಫೆಸರರನ್ನಾಗಿ ನೇಮಿಸಿತು. ಸಂಬಳವನ್ನು ಮಾತ್ರ ಗೊತ್ತುಮಾಡಲಿಲ್ಲ. ಪಿತ್ರಾರ್ಜಿತವಾದ ಅಲ್ಪ ಆಸ್ತಿಯ ಆಧಾರದಿಂದ ಗಿಬ್ಸರು ಒಂಬತ್ತು ವರ್ಷ ಸಂಬಳವಿಲ್ಲದೆಯೇ ದುಡಿದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ! 1880ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವು ವರ್ಷಕ್ಕೆ 3000 ಡಾಲರುಗಳ ಸಂಬಳಕ್ಕೆ ಅವರನ್ನು ಕರೆದಾಗಲೇ ಯೇಲಿನವರು ಎಚ್ಚತ್ತು 2000 ಡಾಲರುಗಳನ್ನು ಕೊಡಲು ಮುಂದೆ ಬಂದರು. ಗಿಬ್ಸರು ಕಡಿಮೆಯದನ್ನೇ ಒಪ್ಪಿಕೊಂಡು ತಮ್ಮ ಊರಿನಲ್ಲಿಯೇ ಉಳಿದರು.

ಅವರ ಮಹತ್ಕಾರ್ಯವು ನಡೆದುದು ಸಂಬಳವಿಲ್ಲದ ಆ ವರ್ಷಗಳಲ್ಲಿಯೇ. 1873ರಲ್ಲಿ, 34ನೆಯ ವಯಸ್ಸಿನಲ್ಲಿ, ಉಷ್ಣದ ಶಾಸ್ತ್ರವನ್ನು ರೇಖಾಚಿತ್ರಗಳಿಂದಲೂ ಘನಾಕೃತಿಗಳಿಂದಲೂ ವಿವರಿಸುವ ಎರಡು ಪ್ರಬಂಧಗಳನ್ನು ಪ್ರಕಟಿಸಿದರು. ತರುವಾಯ 1876 ಮತ್ತು 1878ರಲ್ಲಿ ಭಿನ್ನ ಭಿನ್ನ ಪದಾರ್ಥಗಳ ಸಮತೋಲವನ್ನು ಕುರಿತ ಮಹಾಪ್ರಬಂಧವು ಎರಡು ಭಾಗಗಳಾಗಿ ಹೊರಬಂದಿತು. ಅದರಲ್ಲಿ ಸುಮಾರು 300 ಪುಟಗಳೂ 700 ಸಮೀಕರಣಗಳೂ ಇದ್ದವು. ಅಚ್ಚುಮಾಡಿದುದು ಕನೆಕ್ಟಿಕಟ್ ಅಕಾಡೆಮಿಯೆಂಬ ಸ್ಥಳೀಯ ವಿದ್ವತ್ಸಭೆ. ಅದರ ಸದಸ್ಯರಲ್ಲಿ ಬಹುಮಂದಿಗೆ ಪ್ರಬಂಧದ ವಿಷಯವು ಅರ್ಥವಾಗಲಿಲ್ಲ. ಆದರೂ ಬರೆದವರ ಮೇಲಿನ ವಿಶ್ವಾಸದಿಂದ ಊರಿನವರಲ್ಲಿ ಚಂದಾ ಎತ್ತಿ ಅಚ್ಚಿನ ವೆಚ್ಚವನ್ನು ಹೊಂದಿಸಿದರು. ಅರ್ಥವಾಗದಿದ್ದರೂ ಯೋಗ್ಯತೆಯನ್ನು ನಂಬಿ ಹಣ ಕೊಟ್ಟ ಆ ಊರಿನವರಿಗೆ ಲೋಕವು ಋಣಿಯಾಗಿದೆ.

ಪ್ರಬಂಧದಲ್ಲಿ ಇದ್ದುದಾದರೂ ಏನು? ಗಣಿತವನ್ನು ಬದಿಗಿಟ್ಟು, ಅಡುಗೆಮನೆಯ ಅನುಭವದಿಂದಲೇ ಅದರ ಸಾರವನ್ನು ಹೇಳಲು ಯತ್ನಿಸುವೆವು. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಹೋಳಿನೊಳಗಿನ ನೀರು ತಾನಾಗಿ ಹೊರಗೆ ಬರುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲರೂ ಬಲ್ಲರು. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆಯೇ, ಪ್ರತಿಯೊಂದು ಪದಾರ್ಥಕ್ಕೂ ಕಣ್ಣಿಗೆ ಕಾಣದ ಒಂದು ಮಟ್ಟವಿದೆಯೆಂದೂ, ಮಟ್ಟ ಹೆಚ್ಚಿರುವ ಸ್ಥಳದಿಂದ ಕಡಿಮೆಯಿರುವ ಸ್ಥಳಕ್ಕೆ ಅದು ಸಾಗುವುದೆಂದೂ, ಮಟ್ಟಗಳು ಸರಿಯಾದಾಗಲೇ ಸಮತೋಲವು ಉಂಟಾಗುವುದೆಂದೂ ಗಿಬ್ಸರು ತೋರಿಸಿದರು. ಈ ಮಟ್ಟವನ್ನೇ ಇಂದು ರಾಸಾಯನಿಕ ವಿಭವವೆಂದು ಕರೆಯುವರು.

ಎರಡನೆಯದು ಅವಸ್ಥಾನಿಯಮ. ಮಂಜುಗಡ್ಡೆ, ನೀರು, ಹಬೆ, ಇವು ಒಂದೇ ವಸ್ತುವಿನ ಮೂರು ಅವಸ್ಥೆಗಳು. ವಸ್ತುಘಟಕಗಳ ಸಂಖ್ಯೆಗೆ ಎರಡನ್ನು ಕೂಡಿಸಿ, ಒಟ್ಟಿಗಿರುವ ಅವಸ್ಥೆಗಳ ಸಂಖ್ಯೆಯನ್ನು ಕಳೆದರೆ, ಉಷ್ಣತೆ ಒತ್ತಡ ಮೊದಲಾದವುಗಳಲ್ಲಿ ಎಷ್ಟನ್ನು ನಮ್ಮ ಇಷ್ಟದಂತೆ ಬದಲಾಯಿಸಬಹುದೆಂಬುದು ತಿಳಿಯುತ್ತದೆ. ಘಟಕವು ನೀರೊಂದೇ, ನೀರೂ ಹಬೆಯೂ ಕೂಡಿ ಎರಡು ಅವಸ್ಥೆಗಳು. ಒಂದಕ್ಕೆ ಎರಡನ್ನು ಕೂಡಿಸಿ ಎರಡನ್ನು ಕಳೆದರೆ ಉಳಿಯುವುದು ಒಂದು. ಆದುದರಿಂದ ಒತ್ತಡವನ್ನು ಗೊತ್ತುಪಡಿಸಿದೊಡನೆ ಕುದಿಯುವ ಉಷ್ಣತೆಯೂ ಗೊತ್ತಾಗಿಬಿಡುತ್ತದೆ. ಗಾಳಿಯ ಒತ್ತಡ ಕಡಿಮೆಯಾದ ಎತ್ತರದ ಬೆಟ್ಟಗಳ ಮೇಲೆ ಅನ್ನವು ಬೇಗ ಬೇಯದಿರುವುದು ಇದರಿಂದಲೇ. ಮಂಜುಗಡ್ಡೆ, ನೀರು, ಹಬೆ ಮೂರೂ ಒಟ್ಟಿಗಿರಬೇಕಾದರೆ ಉಳಿಯುವುದು ಸೊನ್ನೆ. ಅಂತಹ ಸಂಗಮವು 0.01 ಸೆಂಟಿಗ್ರೇಡ್ ಡಿಗ್ರಿಯಲ್ಲಿ, ಸಮುದ್ರಮಟ್ಟದ ಗಾಳಿಯ ಒತ್ತಡದ ಸುಮಾರು 165ರಲ್ಲಿ ಒಂದು ಪಾಲಿನಷ್ಟು ಒತ್ತಡದಲ್ಲಿ ಮಾತ್ರ ಸಾಧ್ಯ. ಇಷ್ಟು ವ್ಯಾಪಕವಾದ ನಿಯಮವು ಒಂದು ಸಾಲಿನ ಕೂಡುವ ಕಳೆಯುವ ಲೆಕ್ಕದಲ್ಲಿ ಅಡಗಿರುವುದು ಆಶ್ಚರ್ಯವಲ್ಲವೇ?

ಮೂರನೆಯದು ಇಂದು ಗಿಬ್ಸ್ ಮುಕ್ತಶಕ್ತಿಯೆಂದು ಹೆಸರಾದ ಪರಿಮಾಣ. ಉಷ್ಣವನ್ನು ಹೊರಗೆ ಬಿಡುವ ಕ್ರಿಯೆಗಳು ಮಾತ್ರವೇ ತಾವಾಗಿ ನಡೆಯುವುವೆಂದು ಹಿಂದಿನ ರಸಾಯನಶಾಸ್ತ್ರಜ್ಞರಲ್ಲಿ ಅನೇಕರು ಭಾವಿಸಿದ್ದರು. ಆದರೆ ಪೆಟ್ಟಿಗೆಯಲ್ಲಿಟ್ಟ ಕರ್ಪೂರವು ಉಷ್ಣವನ್ನು ಹೀರಿಕೊಂಡೇ ತಾನಾಗಿ ಆವಿಯಾಗಿ ಹೋಗುವುದಲ್ಲವೇ? ಉಷ್ಣದ ಲೆಕ್ಕದೊಡನೆ, ಕಣಗಳು ಚದುರಿಹೋಗುವ ಪ್ರವೃತ್ತಿಯ ಲೆಕ್ಕವನ್ನೂ, ಅಂದರೆ ಎಂಟ್ರೊಪಿಯನ್ನೂ, ಸೇರಿಸಿ ನೋಡಬೇಕು. ಉಷ್ಣತೆಯೂ ಒತ್ತಡವೂ ಬದಲಾಗದಿರುವಾಗ ಮುಕ್ತಶಕ್ತಿಯು ಕಡಿಮೆಯಾಗುವ ಕಡೆಗೇ ಕ್ರಿಯೆಯು ನಡೆಯುವುದು. ಒಂದು ಕ್ರಿಯೆಯು ನಡೆಯಬಲ್ಲುದೋ ಇಲ್ಲವೋ ಎಂಬುದನ್ನು ಪ್ರಯೋಗಕ್ಕೆ ಕೈಹಾಕುವ ಮೊದಲೇ ಲೆಕ್ಕದಿಂದ ಹೇಳುವ ಮಾರ್ಗವು ಇದರಿಂದ ತೆರೆಯಿತು. ಎಷ್ಟು ಬೇಗ ನಡೆಯುವುದೆಂಬುದನ್ನು ಮಾತ್ರ ಈ ಲೆಕ್ಕವು ಹೇಳಲಾರದು.

ಇಂತಹ ಗ್ರಂಥವನ್ನು ಲೋಕವು ಎದ್ದುನಿಂತು ಸ್ವಾಗತಿಸಿತೇ? ಇಲ್ಲ. ರಸಾಯನಶಾಸ್ತ್ರಜ್ಞರಿಗೆ ಅದರ ಗಣಿತವು ಕಬ್ಬಿಣದ ಕಡಲೆಯಾಯಿತು. ಗಣಿತಜ್ಞರು ರಸಾಯನದ ಕಡೆಗೆ ತಿರುಗಿ ನೋಡುತ್ತಿರಲಿಲ್ಲ. ದೋಷವು ಓದುಗರದು ಮಾತ್ರವೆಂದು ನಾವು ಹೇಳಲಾರೆವು. ಗಿಬ್ಸರ ಬರವಣಿಗೆಯು ಅತಿ ಸಂಕ್ಷಿಪ್ತ; ಉದಾಹರಣೆಗಳು ವಿರಳ; ಒಂದೊಂದು ವಾಕ್ಯದಲ್ಲಿ ಒಂದೊಂದು ಅಧ್ಯಾಯದ ವಿಷಯವು ಅಡಕವಾಗಿತ್ತು. ಅವರು ಪ್ರತಿಗಳನ್ನು ದೇಶದೇಶಗಳ ವಿದ್ವಾಂಸರಿಗೆ ತಾವೇ ಕಳುಹಿಸಿಕೊಟ್ಟರೂ ಬಹುಪಾಲು ಪ್ರತಿಗಳು ಕಪಾಟುಗಳನ್ನು ಸೇರಿದವು. ಇದರ ನಷ್ಟವು ಅಲ್ಪವಲ್ಲ. ಜರ್ಮನಿಯಲ್ಲಿ ಹೆಲ್ಮ್‌ಹೋಲ್ಟ್ಸರು 1882ರಲ್ಲಿ ಮುಕ್ತಶಕ್ತಿಯ ಭಾವನೆಯನ್ನು ಸ್ವತಂತ್ರವಾಗಿ ರೂಪಿಸಿದರು. ತರುಣರಾಗಿದ್ದ ಮ್ಯಾಕ್ಸ್ ಪ್ಲಾಂಕರು ಎಂಟ್ರೊಪಿಯ ವಿಷಯದಲ್ಲಿ ವರ್ಷಗಟ್ಟಲೆ ಶ್ರಮಪಟ್ಟು ಕಂಡುಕೊಂಡುದರಲ್ಲಿ ಬಹುಭಾಗವನ್ನು ಗಿಬ್ಸರು ಮೊದಲೇ ಬರೆದಿಟ್ಟಿದ್ದರೆಂಬುದು ಅವರಿಗೆ ಆಮೇಲೆ ತಿಳಿದುಬಂದಿತು. ತೋಡಿದ ಬಾವಿಯ ಪಕ್ಕದಲ್ಲಿಯೇ ಇನ್ನೊಂದು ಬಾವಿಯನ್ನು ತೋಡಿದಂತಾಯಿತು.

ಆರಂಭದಲ್ಲಿಯೇ ಗಿಬ್ಸರ ಯೋಗ್ಯತೆಯನ್ನು ಚೆನ್ನಾಗಿ ಅರಿತವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲರು. ಅವರು 1873ರ ಪ್ರಬಂಧವನ್ನು ಓದಿ, ಅದರಲ್ಲಿ ಮಾತಿನಿಂದ ಮಾತ್ರ ವರ್ಣಿಸಲ್ಪಟ್ಟಿದ್ದ ಘನಾಕೃತಿಯನ್ನು ಗಾರೆಯಲ್ಲಿ ತಮ್ಮ ಕೈಯಿಂದಲೇ ರೂಪಿಸಿ, ಅದರ ಅಚ್ಚೊಂದನ್ನು ನ್ಯೂಹೇವನ್ನಿಗೆ ಕಳುಹಿಸಿಕೊಟ್ಟರು. ತಮ್ಮ ಪುಸ್ತಕದಲ್ಲಿಯೂ ಉಪನ್ಯಾಸದಲ್ಲಿಯೂ ಗಿಬ್ಸರ ಕೆಲಸವನ್ನು ಎತ್ತಿ ಹೇಳಿದರು. ಆದರೆ 1879ರಲ್ಲಿ, 48ನೆಯ ವಯಸ್ಸಿನಲ್ಲಿಯೇ, ಮ್ಯಾಕ್ಸ್‌ವೆಲ್ಲರು ಕಾಲವಶರಾದುದರಿಂದ ಆ ಧ್ವನಿಯು ನಿಂತುಹೋಯಿತು.

ಮುಂದೆ ಹಾಲೆಂಡ್ ದೇಶದಲ್ಲಿ ರೋಸೆಬೋಮ್ ಎಂಬ ತರುಣ ರಸಾಯನಶಾಸ್ತ್ರಜ್ಞರು ಅನಿಲಗಳೂ ನೀರೂ ಕೂಡಿ ಆಗುವ ಹರಳುಗಳನ್ನು ಪರೀಕ್ಷಿಸುತ್ತಾ, ಕೈಗೆ ಬಂದ ಅಂಕಿಗಳ ಗೊಂದಲದಲ್ಲಿ ದಾರಿ ಕಾಣದೆ ಇದ್ದರು. ಆಮ್‌ಸ್ಟರ್‌ಡಾಮಿನ ವಾನ್ ಡರ್ ವಾಲ್ಸರು ಗಿಬ್ಸರ ಅವಸ್ಥಾನಿಯಮವನ್ನು ಅವರ ಗಮನಕ್ಕೆ ತಂದರು. ಕೂಡಲೆ ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿದಂತಾಯಿತು. ರೋಸೆಬೋಮರು 1887ರಿಂದ ಆರಂಭಿಸಿ ತಮ್ಮ ಶೇಷಾಯುಷ್ಯವನ್ನೆಲ್ಲಾ ಈ ನಿಯಮವನ್ನು ಪದಾರ್ಥದಿಂದ ಪದಾರ್ಥಕ್ಕೆ ಅನ್ವಯಿಸುವುದರಲ್ಲಿ ಕಳೆದರು. 1900ರಲ್ಲಿ ಅವರು ಕಬ್ಬಿಣ ಮತ್ತು ಇಂಗಾಲಗಳ ಮಿಶ್ರಣಕ್ಕೆ ಅದನ್ನು ಅನ್ವಯಿಸಿದುದರಿಂದ, ಉಕ್ಕನ್ನು ಎಷ್ಟು ಕಾಯಿಸಿದರೆ ಯಾವ ಅವಸ್ಥೆಯು ಉಂಟಾಗುವುದೆಂಬುದಕ್ಕೆ ಶಾಸ್ತ್ರೀಯವಾದ ನಕ್ಷೆಯು ದೊರೆತಂತಾಯಿತು. ಕಮ್ಮಾರನ ಕಣ್ಣಂದಾಜಿನ ಪಕ್ಕದಲ್ಲಿ ಲೆಕ್ಕವೂ ಬಂದು ಕುಳಿತಿತು. ವಾಂಟ್ ಹಾಫರು ಜರ್ಮನಿಯ ಸ್ಟಾಸ್‌ಫುರ್ಟಿನ ಉಪ್ಪಿನ ನಿಕ್ಷೇಪಗಳು ಹೇಗೆ ಪದರಪದರವಾಗಿ ನೆಲೆಗೊಂಡವೆಂಬುದನ್ನು ಇದೇ ನಿಯಮದ ಸಹಾಯದಿಂದ ಶೋಧಿಸಿದರು. 1892ರಲ್ಲಿ ಓಸ್ಟ್‌ವಾಲ್ಡರು ಮಹಾಪ್ರಬಂಧವನ್ನು ಜರ್ಮನ್ ಭಾಷೆಗೂ, 1899ರಲ್ಲಿ ಲ ಶಾತೆಲಿಯೆ ಎಂಬವರು ಅದರ ಮೊದಲ ಭಾಗವನ್ನು ಫ್ರೆಂಚ್ ಭಾಷೆಗೂ ತಂದರು. ಓಸ್ಟ್‌ವಾಲ್ಡರ ಭಾಷಾಂತರವು ಹೊರಟಾಗ ಮೊದಲ ಭಾಗಕ್ಕೆ 16 ವರ್ಷಗಳಾಗಿದ್ದವು.

ಗಿಬ್ಸರು ಇದಾವುದನ್ನೂ ನಿರೀಕ್ಷಿಸುತ್ತಾ ಕುಳಿತವರಲ್ಲ. ದಿಕ್ಕುಳ್ಳ ಪರಿಮಾಣಗಳ ಗಣಿತವನ್ನು ಇಂದಿನ ವಿದ್ಯಾರ್ಥಿಗಳು ಕಲಿಯುವ ರೂಪಕ್ಕೆ ತಂದವರಲ್ಲಿ ಅವರೂ ಒಬ್ಬರು. 1902ರಲ್ಲಿ ಪ್ರಕಟವಾದ ಅವರ ಕೊನೆಯ ಗ್ರಂಥವು, ಎಣಿಸಲಾಗದಷ್ಟು ಕಣಗಳ ಚಲನೆಯಿಂದ ಉಷ್ಣದ ನಿಯಮಗಳು ಹೇಗೆ ಹೊರಡುವುವೆಂಬುದನ್ನು ವಿವರಿಸಿತು. ಅದರಲ್ಲಿ ಅವರು ಕಟ್ಟಿದ ಚೌಕಟ್ಟು, ತರುವಾಯ ಬಂದ ಕ್ವಾಂಟಂ ಸಿದ್ಧಾಂತದ ಕಾಲದಲ್ಲಿಯೂ ಬಹುಮಟ್ಟಿಗೆ ನಿಂತಿತು. ಅವರಲ್ಲಿ ಕಲಿತವರು ಕೆಲವರೇ. ಆ ಕೆಲವರಲ್ಲಿ ಒಬ್ಬರಾದ ಇರ್ವಿಂಗ್ ಫಿಷರರು ಸಮತೋಲದ ವಿಚಾರವನ್ನು ಅರ್ಥಶಾಸ್ತ್ರಕ್ಕೆ ಒಯ್ದರು. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ಅತಿ ಗೌರವದ ಕಾಪ್ಲಿ ಪದಕವನ್ನು ಗಿಬ್ಸರಿಗೆ ಅರ್ಪಿಸಿತು. 1903ನೆಯ ಇಸವಿ ಏಪ್ರಿಲ್ 28ರಂದು, ಅಲ್ಪಕಾಲದ ಅಸ್ವಸ್ಥತೆಯ ಅನಂತರ, 64ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು.

ಅವರ ಕೆಲಸವು ವ್ಯಾಪಕವಾಗಿ ಫಲಿಸಿದುದು ಇದಾದ ಬಳಿಕವೇ. 1909ರಲ್ಲಿ ಫ್ರಿಟ್ಸ್ ಹಾಬರರು ಗಾಳಿಯಲ್ಲಿರುವ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ತಯಾರಿಸಿ ತೋರಿಸಿದರು. ಯಾವ ಉಷ್ಣತೆಯಲ್ಲಿ, ಯಾವ ಒತ್ತಡದಲ್ಲಿ, ಎಷ್ಟು ಅಮೋನಿಯ ದೊರೆಯಬಹುದೆಂಬುದು ಸಮತೋಲದ ಲೆಕ್ಕ. ಕ್ರಿಯೆಯನ್ನು ತ್ವರೆಪಡಿಸುವ ವಸ್ತುವನ್ನು ಹುಡುಕುವುದು ಕೈಯ ಪರಿಶ್ರಮ. ಎರಡೂ ಕೂಡಿದಾಗ ಕೆಲಸವು ಕೈಗೂಡಿತು. 1913ರಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಕಾರ್ಖಾನೆಯು ಆರಂಭವಾಯಿತು. ಇಂದು ಲೋಕದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅನ್ನವು ಈ ಮಾರ್ಗದಿಂದ ಆದ ಗೊಬ್ಬರವನ್ನು ಅವಲಂಬಿಸಿದೆಯೆಂದು ಬಲ್ಲವರು ಅಂದಾಜು ಮಾಡುತ್ತಾರೆ. ಅದೇ ಅಮೋನಿಯದಿಂದಲೇ 1914ರ ಮಹಾಯುದ್ಧದಲ್ಲಿ ಸಿಡಿಮದ್ದೂ ತಯಾರಾಯಿತೆಂಬುದನ್ನು ನಾವು ಮುಚ್ಚಿಡಲಾರೆವು. ಪದಾರ್ಥವು ಯಾವ ಕಡೆಗೆ ಸಾಗುವುದೆಂದು ಸಮೀಕರಣವು ಹೇಳುವುದು. ಮನುಷ್ಯನು ಯಾವ ಕಡೆಗೆ ಸಾಗಬೇಕೆಂಬುದನ್ನು ಅದು ಹೇಳದು.

1923ರಲ್ಲಿ ಕ್ಯಾಲಿಫೋರ್ನಿಯಾದ ಗಿಲ್ಬರ್ಟ್ ಲೂಯಿಸರು ಮರ್ಲ್ ರಾಂಡಾಲರೊಡನೆ ಬರೆದ ಪಠ್ಯಪುಸ್ತಕವು ಮುಕ್ತಶಕ್ತಿಯ ಲೆಕ್ಕವನ್ನು ಸಾಮಾನ್ಯ ವಿದ್ಯಾರ್ಥಿಗೂ ಎಟುಕುವಂತೆ ಮಾಡಿತು. ಇಂದು ಹೊಸ ಮಿಶ್ರಲೋಹವನ್ನು ರೂಪಿಸುವವರು ಕರಗಿಸುವ ಮೊದಲೇ ಗಣಕಯಂತ್ರದಲ್ಲಿ ಅದರ ಗಿಬ್ಸ್ ಮುಕ್ತಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಉಂಡ ಅನ್ನವು ಶರೀರದಲ್ಲಿ ಶಕ್ತಿಯಾಗುವ ಬಗೆಯನ್ನು ಜೀವರಸಾಯನಶಾಸ್ತ್ರಜ್ಞರು ಅದೇ ಪರಿಮಾಣದಿಂದ ಅಳೆಯುತ್ತಾರೆ. ಅವರ ಹೆಸರಿನಲ್ಲಿ ಅಮೆರಿಕಾದ ರಸಾಯನಶಾಸ್ತ್ರಜ್ಞರ ಸಂಘದ ಷಿಕಾಗೊ ಶಾಖೆಯವರು ಸ್ಥಾಪಿಸಿದ ಪದಕವನ್ನು 1921ರಲ್ಲಿ ಮೇರಿ ಕ್ಯೂರಿಯಮ್ಮನವರು ಪಡೆದರೆಂಬುದು ಹೆಣ್ಣುಮಕ್ಕಳ ಪಾಠಶಾಲೆಯ ವಾಚಕರಿಗೆ ಸಂತೋಷದ ಸಂಗತಿಯಾಗಿರುವುದು. 2005ರಲ್ಲಿ ಅಮೆರಿಕಾದ ಅಂಚೆಯವರು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು.

ಈಗ ನಾವು ಆರಂಭದ ಪ್ರಶ್ನೆಗೆ ಬರುವೆವು. ಗಿಬ್ಸರ ವಿದ್ಯೆಯು ಲೋಕವನ್ನು ಮುಟ್ಟಿದುದು ಅವರೊಬ್ಬರಿಂದ ಅಲ್ಲ. ಚಂದಾ ಕೊಟ್ಟ ಊರಿನವರು, ಗಾರೆಯಲ್ಲಿ ರೂಪಿಸಿದ ಮ್ಯಾಕ್ಸ್‌ವೆಲ್ಲರು, ದಾರಿ ತೋರಿಸಿದ ವಾನ್ ಡರ್ ವಾಲ್ಸರು, ಬಾಳನ್ನೇ ಸವೆಸಿದ ರೋಸೆಬೋಮರು, ಭಾಷಾಂತರಿಸಿದವರು, ಪಠ್ಯಪುಸ್ತಕ ಬರೆದವರು, ಇವರೆಲ್ಲರೂ ಬಂದರಿನ ಆ ನಾವಿಕನಂತೆ, ಇತರರಿಗೆ ಬರಿಯ ಸದ್ದಾಗಿದ್ದುದನ್ನು ಮಾತೆಂದು ತಿಳಿದು ಮುಂದಕ್ಕೆ ದಾಟಿಸಿದವರು. ಹಿರಿಯ ಗಿಬ್ಸರು ಕೇಳುವವನನ್ನು ಹುಡುಕುತ್ತಾ ಕಟ್ಟೆಕಟ್ಟೆ ಅಲೆದರು. ಕಿರಿಯ ಗಿಬ್ಸರು ಪುಸ್ತಕವನ್ನು ಕಳುಹಿಸಿ ಸುಮ್ಮನಿದ್ದರು. ಮಗನೂ ತಂದೆಯಂತೆ ಸ್ವಲ್ಪ ಅಲೆದಿದ್ದರೆ ಲೋಕಕ್ಕೆ ಹತ್ತು ವರ್ಷಗಳು ಉಳಿಯುತ್ತಿದ್ದವೋ ಏನೋ!

ತಾಯಿತಂದೆಗಳೇ, ಸಹೋದರಿಯರೇ, ನಮ್ಮ ಮಕ್ಕಳೆಲ್ಲರೂ ಗಿಬ್ಸರಾಗಲಾರರು, ಆಗಬೇಕಾದುದೂ ಇಲ್ಲ. ಆದರೆ ಕಠಿಣವಾದ ಒಂದು ಪುಟವನ್ನು ಬೇಸರವಿಲ್ಲದೆ ಎರಡನೆಯ ಸಲ ಓದುವ ತಾಳ್ಮೆಯನ್ನೂ, ತಿಳಿದುದನ್ನು ತಿಳಿಯದವರಿಗೆ ಸುಲಭವಾಗಿ ಹೇಳುವ ಪ್ರೀತಿಯನ್ನೂ ಯಾವ ಹುಡುಗಿಯಾದರೂ ಕಲಿಯಬಹುದು. ಪಾಠ ಹೇಳುವ ಉಪಾಧ್ಯಾಯಿನಿಯೂ, ರೋಗಿಗೆ ವೈದ್ಯರ ಮಾತನ್ನು ಬಿಡಿಸಿ ಹೇಳುವ ದಾದಿಯೂ, ದೀಪದ ಮುಂದೆ ಮಗುವಿಗೆ ಲೆಕ್ಕ ಹೇಳಿಕೊಡುವ ತಾಯಿಯೂ ಈ ದಾಟಿಸುವವರ ಪಂಕ್ತಿಗೇ ಸೇರಿದವರು. ಈ ವರ್ಷದ ಅಂಕಪಟ್ಟಿಯಲ್ಲಿ ಕಾಣದ ಫಲವು ಹದಿನಾರು ವರ್ಷಗಳ ಮೇಲೆ ಕಾಣಬಹುದು. ಅಷ್ಟರ ವರೆಗೆ ಮಕ್ಕಳ ಓದಿಗೆ ನೀರೆರೆಯುವ ಕೆಲಸವು ನಮ್ಮದು.